ಬಜ್ಪೆಯಿಂದ ವಿಮಾನದ ದೂರ ಮತ್ತು ಸಮಯವನ್ನು ಲೆಕ್ಕ ಹಾಕುವ ಬಗೆ

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ಒಬ್ಬರು ಮುಕ್ಕಾಲು ಗಂಟೆ ಎನ್ನುತ್ತಾರೆ, ಇನ್ನೊಬ್ಬರು ಒಂದು ಗಂಟೆಯ ಮೇಲಾಗುತ್ತದೆ ಎನ್ನುತ್ತಾರೆ, ಉಡುಪಿಯಿಂದ ಹೊರಟು ಹೋದವರು ಆರು ಗಂಟೆ ಎಂದು ನಿಟ್ಟುಸಿರು ಬಿಡುತ್ತಾರೆ. ಅಳೆದದ್ದು ಬೇರೆ ಬೇರೆಯಾದ್ದರಿಂದ ಮೂವರ ಮಾತೂ ಸರಿಯೇ.

ಮೊದಲು ದೂರವನ್ನು ನೋಡೋಣ. ಮಂಗಳೂರಿನ ವಿಮಾನ ನಿಲ್ದಾಣವಾದ ಬಜ್ಪೆಯು ಸುಮಾರು 12.96 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 74.89 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ, ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣವು 13.20 ಮತ್ತು 77.71ರಲ್ಲಿದೆ. ಅಕ್ಷಾಂಶದ ವ್ಯತ್ಯಾಸವನ್ನು ಒಂದು ಡಿಗ್ರಿಗೆ ಬರುವ ಕಿಲೋಮೀಟರ್ ಆದ 111ರಿಂದಲೂ ರೇಖಾಂಶದ ವ್ಯತ್ಯಾಸವನ್ನು ನಮ್ಮ ಕಡೆಗೆ ಹೊಂದುವ 108ರಿಂದಲೂ ಗುಣಿಸಿದರೆ 27 ಮತ್ತು 305 ಕಿಲೋಮೀಟರ್ ಸಿಗುತ್ತದೆ; ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 306 ಕಿಲೋಮೀಟರ್. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ಹೀಗೂ ಉಪಯೋಗಕ್ಕೆ ಬರುತ್ತದೆ. ಆದರೆ ಉತ್ತರಕ್ಕೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುವುದರಿಂದ 108 ಎಂಬ ಸಂಖ್ಯೆ ಕುಗ್ಗುತ್ತದೆ; ದುಬೈಯಂಥ ದೂರದ ಊರಿಗೆ ಭೂಮಿಯ ದುಂಡನ್ನು ಗಣಿಸುವ ಲೆಕ್ಕವೇ ಬೇಕು, ಅದರಂತೆ ಬಜ್ಪೆಯಿಂದ ಅಲ್ಲಿಗೆ ಸುಮಾರು 2,460 ಕಿಲೋಮೀಟರ್.

ಈ ದೂರವನ್ನು ಜೆಟ್ ವಿಮಾನವಾದರೆ ಗಂಟೆಗೆ 800, ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ಆದರೆ 500 ಕಿಲೋಮೀಟರಿನಿಂದ ಭಾಗಿಸಿ, ಏರುವುದಕ್ಕೆ, ಇಳಿಯುವುದಕ್ಕೆ ಮತ್ತು ನೆಲದ ಮೇಲೆ ಓಡಾಡುವುದಕ್ಕೆ ಅರ್ಧ ಗಂಟೆ ಸೇರಿಸಬೇಕು. ಬೆಂಗಳೂರಿಗೆ ಜೆಟ್ಟಿನಲ್ಲಿ 53 ನಿಮಿಷ, ಎಟಿಆರ್‌ನಲ್ಲಿ 67 ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇದ್ದರೆ ಬೆರಗಾಗಬೇಕಾಗಿಲ್ಲ, ಏಕೆಂದರೆ ಅಲ್ಲಿನ ಸಮಯ ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವವರೆಗಿನದು, ತಡವಾದರೆ ಇರಲಿ ಎಂದು ಕಂಪನಿಗಳು ಸೇರಿಸಿಟ್ಟ ಹೆಚ್ಚಿನ ನಿಮಿಷಗಳೂ ಅದರಲ್ಲಿರುತ್ತವೆ.

ಕೊಲ್ಲಿಯ ಟಿಕೆಟ್ಟನ್ನು ಓದುವಾಗ ಎಡವುವವರು ಹೆಚ್ಚು. ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿ ರಾತ್ರಿ 11.30ಕ್ಕೆ ಹೊರಟು ಇಲ್ಲಿ ಬೆಳಗಿನ 4.30ಕ್ಕೆ ಇಳಿದರೆ ಪ್ರಯಾಣ ಐದು ಗಂಟೆಯದಲ್ಲ, ಮೂರೂವರೆ ಗಂಟೆಯದು. ಚಳಿಗಾಲದಲ್ಲಿ ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಬೆನ್ನಿಗಿರುವುದರಿಂದ ಬರುವ ಪ್ರಯಾಣ ಹೋಗುವುದಕ್ಕಿಂತ ಬೇಗ ಮುಗಿಯುತ್ತದೆ.

ಇನ್ನು ನೆಲದ ಲೆಕ್ಕ. ಉಡುಪಿಯವರು ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲು ಮಾರ್ಗವಾಗಿ ಬಜ್ಪೆ ಸೇರಲು ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ನಿಲ್ದಾಣದಲ್ಲಿ ಒಂದೂವರೆ, ಹಾರಾಟಕ್ಕೆ ಒಂದು, ಸಾಮಾನು ಬರಲು ಅರ್ಧ, ದೇವನಹಳ್ಳಿಯಿಂದ ಜಯನಗರಕ್ಕೆ ಒಂದೂವರೆ ಎಂದರೆ ಆರು ಗಂಟೆ ಆಗಿಯೇ ಹೋಯಿತು. ಹಗಲಿನ ಕೆಲಸವಿಲ್ಲದವರಿಗೆ ರಾತ್ರಿ ಬಸ್ಸೇ ವಾಸಿ ಎಂದು ನನಗನ್ನಿಸುತ್ತದೆ.

ಮಳೆಗಾಲದಲ್ಲಿ ಮಾತ್ರ ಯಾವ ಲೆಕ್ಕವೂ ಖಾತ್ರಿಯಲ್ಲ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಬಜ್ಪೆಯ ರನ್‌ವೇಯನ್ನು ಮೋಡ ಮುಚ್ಚಿದರೆ ವಿಮಾನ ಮೇಲೆಯೇ ಸುತ್ತುತ್ತದೆ, ಕಿಟಕಿಯಲ್ಲಿ ಬಿಳುಪಲ್ಲದೆ ಏನೂ ಕಾಣದು, ಕೆಲವೊಮ್ಮೆ ಬೇರೆ ಊರಿಗೂ ತಿರುಗುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ವಿಮಾನ ಬದಲಿಸುವವರು ನಡುವೆ ನಾಲ್ಕು ಗಂಟೆಯಾದರೂ ಬಿಡುವಿಟ್ಟುಕೊಂಡು, ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಳ್ಳುವುದು ಒಳ್ಳೆಯದು.