ಅಡಿಕೆ ತೋಟದ ನಡುವೆ ಆರ್‌ಸಿ ವಿಮಾನ: ಮೊದಲು ಕೊಳ್ಳಬೇಕಾದ್ದು ಏನು?

ಆರ್‌ಸಿ ಅಂದರೆ ರೇಡಿಯೊ ರಿಮೋಟಿನಲ್ಲಿ ನೆಲದಿಂದ ಹಾರಿಸುವ ಪುಟ್ಟ ವಿಮಾನ. ಕಲಿಯುವಾಗ ವಿಮಾನ ಬೀಳುತ್ತೆ, ಮುರಿಯುತ್ತೆ. ಹಾಗಾಗಿ ನಾನು ದುಡ್ಡು ಹಾಕಿದ್ದು ನೆಲದ ಮೇಲೇ ಉಳಿಯುವ ರಿಮೋಟು, ಚಾರ್ಜರಿಗೆ. ವಿಮಾನ ಅಗ್ಗದ್ದೇ ಸಾಕು. ಇಪಿಪಿ ಅನ್ನುವ, ಬಾಗಿದರೂ ಬೇಗ ಮುರಿಯದ ಫೋಮ್‌ನದು, ರೆಕ್ಕೆ ತುದಿಯಿಂದ ತುದಿಗೆ ಸುಮಾರು 120 ಸೆಂ.ಮೀ. ಉದ್ದ, ಮೈಯ ಮೇಲ್ಗಡೆ ಕೂತಿರಬೇಕು. ರೆಕ್ಕೆಯ ತುದಿಗಳು ತುಸು ಮೇಲೆದ್ದಿದ್ದರೆ, ವಾಲಿದಾಗ ರಿಮೋಟಿನ ಕಡ್ಡಿ ಬಿಟ್ಟರೂ ತಾನಾಗಿ ಸಮಕ್ಕೆ ಬರುತ್ತೆ. ಬಾಲ್ಸಾ ಮರದ್ದು ಈಗಲೇ ಬೇಡ, ನಮ್ಮ ಮಳೆಗಾಲದ ಥಂಡಿಗೆ ಸೊಟ್ಟಗಾಗುತ್ತೆ.

ರಿಮೋಟು 2.4 ಗಿಗಾಹರ್ಟ್ಸ್‌ನದು, ಆರು ಚಾನೆಲ್. ಒಂದೊಂದು ಚಾನೆಲ್ ಒಂದೊಂದು ಕೆಲಸ ನಡೆಸುತ್ತೆ. ಹಾರಿಸೋಕೆ ನಾಲ್ಕೇ ಸಾಕು. ಐದನೆಯದಕ್ಕೆ ನಾನು ಬಜರ್ ಕೊಟ್ಟಿದ್ದೇನೆ. ತೋಟದೊಳಗೆ ಬಿದ್ದ ವಿಮಾನ ಹತ್ತು ಮಾರು ದೂರದಲ್ಲಿದ್ದರೂ ಕಾಣಲ್ಲ, ಕಿವಿಯಿಂದಲೇ ಹುಡುಕಬೇಕು. ಇನ್ನೊಂದು: ಒದ್ದೆ ಸೋಗೆ, ಎಲೆ ಈ ಸಿಗ್ನಲ್ಲನ್ನು ಚೆನ್ನಾಗಿ ಹೀರುತ್ತೆ. ಮರಗಳ ಹಿಂದಕ್ಕೆ ಬಿಡಬೇಡಿ. ವಿಮಾನದಲ್ಲಿ ಸಿಗ್ನಲ್ ಹಿಡಿಯುವ ರಿಸೀವರಿನ ಎರಡು ಆಂಟೆನಾ ತಂತಿಗಳನ್ನು ಒಂದಕ್ಕೊಂದು ಲಂಬವಾಗಿ ಅಂಟಿಸಿ.

ಮೋಟಾರು 2212 ಅಳತೆಯದು, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ). ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ 30 ಆಂಪಿಯರ್. ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ 9 ಗ್ರಾಂ ಸರ್ವೋ ನಾಲ್ಕು, ಒಂದೆರಡು ಹೆಚ್ಚಿಗೆ. ಪ್ರೊಪೆಲ್ಲರ್ 10×4.5 ಇಂಚಿನದು, ಅದನ್ನು ಮಾತ್ರ ಆರಾದರೂ ತಂದಿಡಿ.

ಹೆಚ್ಚಿನವರು ಎಡವೋದು ಬ್ಯಾಟರಿಯಲ್ಲಿ. 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ) 2200 ಎಂಎಎಚ್ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಎರಡಿರಲಿ. ಎಲ್ಲ ಸೆಲ್ಲನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರಿನಲ್ಲಿ 2.2 ಆಂಪಿಯರಿಗೆ ಇಟ್ಟರೆ ಸುಮಾರು ಒಂದು ಗಂಟೆ. 12 ವೋಲ್ಟಿಗೂ ಓಡುವ ಚಾರ್ಜರ್ ಆದರೆ ಕರೆಂಟು ಹೋದಾಗ ಕಾರಿನ ಬ್ಯಾಟರಿಯಿಂದಲೇ ಚಾರ್ಜ್ ಮಾಡಬಹುದು. ತುಂಬಿದ ಸೆಲ್ 4.2 ವೋಲ್ಟ್, 3.5ಕ್ಕೆ ಬಂತೆಂದರೆ ಇಳಿಸಿ. ಅದಕ್ಕೆ ಬ್ಯಾಟರಿಗೇ ಚುಚ್ಚುವ ಪುಟ್ಟ ವೋಲ್ಟೇಜ್ ಅಲಾರಂ ಸಿಗುತ್ತೆ. ಜೂನಿನಿಂದ ಸೆಪ್ಟೆಂಬರ್ ತನಕ ಹೇಗೂ ಹಾರಿಸೋಕಾಗಲ್ಲ. ಆಗ ಬ್ಯಾಟರಿಯ ಪ್ರತಿ ಸೆಲ್ಲನ್ನು 3.8 ವೋಲ್ಟಿಗೆ ತಂದು ಸ್ಟೀಲ್ ಡಬ್ಬದಲ್ಲಿಡಿ. ತುಂಬಿಸಿಟ್ಟರೆ ದೀಪಾವಳಿ ಹೊತ್ತಿಗೆ ಉಬ್ಬಿರುತ್ತೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತುತ್ತೆ.

ತೂಕ ಹೊಂದಿಸೋದು ಬ್ಯಾಟರಿ ಕೂರಿಸಿಯೇ. ರೆಕ್ಕೆಯ ಅಗಲ 20 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5–6 ಸೆಂ.ಮೀ. ಹಿಂದೆ ಎರಡು ಬೆರಳಲ್ಲಿ ಎತ್ತಿ ನೋಡಿ, ಮೂಗು ಒಂದಿಷ್ಟೇ ತಗ್ಗಬೇಕು. ಬಾಲ ಭಾರವಾದರೆ ಕೈ ಬಿಟ್ಟ ಕೂಡಲೇ ಮೇಲಕ್ಕೆ ನೆಗೆದು, ವೇಗ ಸತ್ತು ದೊಪ್ಪನೆ ಬೀಳುತ್ತೆ. ಇಂಥದ್ದಕ್ಕೆ ಗಾಳಿಯನ್ನು ಬೈದು ಪ್ರಯೋಜನವಿಲ್ಲ.

ಮನೆಯಲ್ಲಿ ಸೆಟ್ಟಿಂಗ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿರಲಿ. ಹಾಗೇ ರಿಮೋಟು ಆಫ್ ಮಾಡಿ ಮೋಟಾರು ನಿಲ್ಲುತ್ತಾ ನೋಡಿ. ನಿಲ್ಲದಿದ್ದರೆ ಫೇಲ್‌ಸೇಫ್, ಅಂದರೆ ಸಿಗ್ನಲ್ ಕಡಿದಾಗ ಮೋಟಾರು ನಿಲ್ಲಿಸುವ ಏರ್ಪಾಡು, ಕೂತಿಲ್ಲ. ಆನ್ ಮಾಡೋವಾಗ ರಿಮೋಟು ಮೊದಲು, ಬ್ಯಾಟರಿ ಆಮೇಲೆ. ಆಫ್ ಮಾಡೋವಾಗ ಉಲ್ಟಾ.

ಜಾಗ: ಕೊಯ್ಲಾದ ಗದ್ದೆ, ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ, ಶಿವಮೊಗ್ಗ ಸುತ್ತಿನವರು ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡ್ರೋನ್ ನಕ್ಷೆ) ನಿಮ್ಮ ಗದ್ದೆಯ ಬಣ್ಣ ನೋಡಿಯೇ ಹೋಗಿ.

ಮರಕ್ಕೆ ಸಿಕ್ಕಿದರೆ ಅಡಿಕೆ ಕೊಯ್ಯುವ ದೋಟಿ ಸಾಕು. ಕರೆಂಟಿನ ತಂತಿಗೆ ಸಿಕ್ಕಿದರೆ ಮಾತ್ರ ದೋಟಿ ಎತ್ತಲೇಬೇಡಿ, ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತೆ. ಲೈನ್‌ಮನ್‌ಗೆ ಹೇಳಿ ಕಾಯಿರಿ.