ಮಚ್ಚೆ ನೋಡಿಕೊಳ್ಳುವುದು ಹೇಗೆ? ಅಂಗಾಲಿನಿಂದ ಶುರು ಮಾಡಿ

ಪಾಸ್‌ಪೋರ್ಟ್ ಅರ್ಜಿಯಲ್ಲಿ ಗುರುತು ಬರೆಯಬೇಕಾದಾಗ ಮಚ್ಚೆ ಹುಡುಕಿದ್ದೇ ಕೊನೆ, ಆಮೇಲೆ ಅದರ ಕಡೆ ನೋಡಿದವರು ಕಡಿಮೆ ಅಲ್ವಾ? ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಡಿ, ಸಾಕು.

ಸ್ನಾನ ಆದ ಮೇಲೆ ಕಿಟಕಿ ಬೆಳಕಿನಲ್ಲಿ ಕೂತು ಮೊದಲು ಅಂಗಾಲು ನೋಡಿ. ಆಮೇಲೆ ಬೆರಳ ಸಂದಿ, ಅಂಗೈ, ಉಗುರು. ಮುಖ ಕೊನೆಗಿರಲಿ, ಅದನ್ನು ದಿನಾ ಕನ್ನಡಿಯಲ್ಲಿ ನೋಡುತ್ತೀರಿ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ನಮ್ಮಂಥ ಕಪ್ಪು, ಕಂದು ಮೈಬಣ್ಣದವರಿಗೆ ಬರುವುದು ಅಪರೂಪ, ಆದರೆ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಂಥ ಜಾಗದಲ್ಲೇ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಅದು ಪತ್ತೆಯಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ, 1981ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 36.

ಮಚ್ಚೆ ಸಿಕ್ಕಿತಾ? ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎರಡು ಅರ್ಧ ಬೇರೆ ಬೇರೆ ಥರ ಇದೆಯಾ, ಅಂಚು ಹರಿದ ಹಾಗಿದೆಯಾ, ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು ಬೆರೆತಿದೆಯಾ, 6 ಮಿಲಿಮೀಟರ್‌ಗಿಂತ ದೊಡ್ಡದಾ ನೋಡಿ. ಎಲ್ಲಕ್ಕಿಂತ ಮುಖ್ಯ, ಹೋದ ತಿಂಗಳ ಫೋಟೋಗೂ ಇದಕ್ಕೂ ವ್ಯತ್ಯಾಸ ಇದೆಯಾ ಅನ್ನುವುದು. ಬೆಳೆಯುತ್ತಿದ್ದರೆ, ರಕ್ತ ಬಂದರೆ, ಉಗುರಿನ ಕಪ್ಪು ಗೆರೆ ಅಗಲವಾಗಿ ಪಕ್ಕದ ಚರ್ಮಕ್ಕೂ ಹರಡಿದರೆ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಬೆನ್ನು, ನೆತ್ತಿ ನಿಮಗೆ ಕಾಣುವುದಿಲ್ಲ, ಮನೆಯವರ ಹತ್ತಿರ ನೋಡಿಸಿಕೊಳ್ಳಿ.

ಎಳೆಗೂಸಿನ ಸೊಂಟದ ಕೆಳಗೆ ನೀಲಿ ಕಲೆ ಇದ್ದರೆ ಹೆದರಬೇಡಿ. ನಮ್ಮಲ್ಲಿ ತುಂಬಾ ಮಕ್ಕಳಿಗೆ ಇರುತ್ತದೆ, ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ತಾನೇ ಮಾಸುತ್ತದೆ. ಗ್ರಹಣದಲ್ಲಿ ಹೊರಗೆ ಬಂದಳು ಅಂತ ಬಾಣಂತಿಯನ್ನು ದಯವಿಟ್ಟು ದೂರಬೇಡಿ. ಕೆಂಪಗೆ ಉಬ್ಬಿದ ಗುರುತು ಮೊದಲ ತಿಂಗಳುಗಳಲ್ಲಿ ಬೆಳೆದು ಆಮೇಲೆ ಕುಗ್ಗುವುದುಂಟು, ಆದರೆ ಕಣ್ಣಿನ ಹತ್ತಿರ ಇದ್ದರೆ ಕಾಯಬೇಡಿ, ಕೂಡಲೇ ತೋರಿಸಿ.

ಮಚ್ಚೆ ತೆಗೆಯಲು ಸುಣ್ಣ-ಸೋಡಾ ಮಾತ್ರ ಬೇಡವೇ ಬೇಡ. ನಮ್ಮ ಅತ್ತೆಯ ಕೆನ್ನೆಗೆ ಮದುವೆಗೆ ಮುಂಚೆ ಯಾರೋ ಅದನ್ನು ಕಲಸಿ ಹಚ್ಚಿದ್ದರು. ಮಚ್ಚೆ ಹೋಯಿತು, ಆ ಜಾಗದಲ್ಲಿ ಕಡಲೆಕಾಳಿನಷ್ಟು ಬಿಳಿ ಗುಳಿ ಉಳಿಯಿತು, ಇವತ್ತಿಗೂ ಮಾತಾಡುವಾಗ ಅವರ ಬೆರಳು ಅಲ್ಲಿಗೇ ಹೋಗುತ್ತದೆ. ದಾರ ಕಟ್ಟುವುದು, ಬ್ಲೇಡಿನಲ್ಲಿ ಕೆರೆಯುವುದೂ ಅಷ್ಟೇ ಅಪಾಯ. ಮೇಲಿನದು ಹೋದರೂ ಬೇರು ಒಳಗೇ ಉಳಿಯಬಹುದು. ಡಾಕ್ಟರ್ ತೆಗೆದರೆ, ಅನುಮಾನ ಇದ್ದಾಗ ಆ ತುಂಡನ್ನು ಲ್ಯಾಬಿಗೆ ಕಳಿಸುತ್ತಾರೆ. ಸುಟ್ಟುಕೊಂಡರೆ ಕಳಿಸಲು ಏನೂ ಉಳಿಯುವುದಿಲ್ಲ.