ಕ್ಯಾರವಾನಿನ ನೀರಿನ ಟ್ಯಾಂಕ್ ಮತ್ತು ಗೀಸರ್: ಮೊದಲ ಬಳಕೆಯ ಸಿದ್ಧತೆ

ಕಾಸರಗೋಡಿನ ಮನೆಯಂಗಳದಿಂದ ಹೊಸ ಕ್ಯಾರವಾನನ್ನು ಬೇಕಲದತ್ತ ಹೊರಡಿಸುವ ಮುನ್ನ ಅದರ ನೀರಿನ ವ್ಯವಸ್ಥೆಯನ್ನು ಶುದ್ಧಗೊಳಿಸಬೇಕು. ಫಿಲ್ಟರನ್ನು ಕಳಚಿ, ಗೀಸರಿಗೆ ನೀರು ಹೋಗದಂತೆ ಬೈಪಾಸ್ ವಾಲ್ವ್ ತಿರುಗಿಸಿ, 60 ಲೀಟರಿಗೆ ಸುಮಾರು 60 ಮಿಲಿಲೀಟರಿನಂತೆ ಪರಿಮಳ ಬೆರೆಸದ ಬ್ಲೀಚ್ ದ್ರಾವಣವನ್ನು ಟ್ಯಾಂಕಿನ ನೀರಿಗೆ ಸೇರಿಸಿ, ಪ್ರತಿಯೊಂದು ನಲ್ಲಿಯಲ್ಲೂ ಅದರ ವಾಸನೆ ಬರುವವರೆಗೆ ಪಂಪ್ ನಡೆಸಿ, 12 ಗಂಟೆ ಬಿಟ್ಟು, ವಾಸನೆ ಪೂರ್ತಿ ಹೋಗುವ ತನಕ ತೊಳೆಯಬೇಕು. ನಮ್ಮ ಮುರಕಲ್ಲಿನ ನೆಲದ ಬಾವಿನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟಾದ್ದರಿಂದ, ಮತ್ತೆ ತುಂಬಿಸುವಾಗ ಸೋಸಿದ ನೀರನ್ನೇ ಬಳಸುವುದು ಲೇಸು.

ಬಳಿಕ ಫಿಲ್ಟರನ್ನೂ ಬೈಪಾಸನ್ನೂ ಮೊದಲಿನ ಸ್ಥಿತಿಗೆ ತಂದು, ಬಿಸಿನೀರಿನ ನಲ್ಲಿ ಗಾಳಿ ಕಕ್ಕುವುದು ನಿಂತು ಧಾರೆ ಸರಾಗವಾದ ಮೇಲೆಯೇ ಗೀಸರ್ ಹಾಕಬೇಕು. ಖಾಲಿ ಗೀಸರಿಗೆ ಕರೆಂಟು ಕೊಟ್ಟರೆ ಅದರೊಳಗಿನ ಕಾಯಿಲ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.